ಗುಡುಗುಡಿಯ ಪದ ಗಿಟಾರಿಗೆ ಬಂದ ಬಗೆ

ಧ್ವನಿಸುರುಳಿ ಮಾರುವ ಅಂಗಡಿಯನ್ನು ನಿಮ್ಮಲ್ಲಿ ಬಹುಪಾಲು ಮಂದಿ ಕಂಡಿರಲಾರಿರಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಔರಾದ, ಭಾಲ್ಕಿ, ಬೀದರ ಎಲ್ಲ ಕಡೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಅಂಥ ಅಂಗಡಿಗಳಿದ್ದವು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ಒಂದೊಂದು ಸಾಲಿಗೂ ಒಂದೊಂದು ಚೀಟಿ. ಕನ್ನಡ ಚಿತ್ರಗೀತೆ, ಹಿಂದಿ ಚಿತ್ರಗೀತೆ, ಭಕ್ತಿಗೀತೆ, ಭಾವಗೀತೆ, ಜಾನಪದ, ಅಭಂಗ, ಕವ್ವಾಲಿ. ಗಿರಾಕಿ ಹೆಸರು ಹೇಳಿದರೆ ಸಾಕು, ಅಂಗಡಿಯವರು ತಿರುಗಿಯೂ ನೋಡದೆ ಕೈಹಾಕಿ ತೆಗೆದುಕೊಡುತ್ತಿದ್ದರು. ಚೀಟಿ ಇದ್ದ ಹಾಡಿಗೆ ಗಿರಾಕಿ ಉಂಟು. ಚೀಟಿ ಇಲ್ಲದ ಹಾಡಿಗೆ ಅಂಗಡಿಯಲ್ಲಿ ಜಾಗವೇ ಇಲ್ಲ.

ನಾನೀಗ ಹೇಳಹೊರಟಿರುವುದು ಚೀಟಿ ಇಲ್ಲದ ಒಂದು ಧ್ವನಿಮುದ್ರಿಕೆಯ ವಿಷಯ. 2008ರಲ್ಲಿ ಅದು ಹೊರಬಂತು. ಹಾಡಿದವರೂ ಗಿಟಾರ್ ಹಿಡಿದವರೂ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಮುದ್ರಿಕೆಯ ಹೆಸರೂ ಅವರ ಹೆಸರೇ. ಅದರಲ್ಲಿ ಹಿಂದಿ ಹಾಡುಗಳಿವೆ, ಇಂಗ್ಲಿಷ್ ಇದೆ, ಅವುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದ ಇದೆ. ಡ್ರಮ್ಮು, ಬೇಸ್ ಗಿಟಾರುಗಳ ಮೇಲೆ ಹತ್ತೊಂಬತ್ತನೆಯ ಶತಮಾನದ ತತ್ತ್ವಪದ! ಇದನ್ನು ಯಾವ ಸಾಲಿನಲ್ಲಿ ಇಡುವುದು? ಭಾವಗೀತೆಯ ಸಾಲಿನಲ್ಲಿಟ್ಟರೆ ಹಿಂದಿ ಹಾಡುಗಳು ಹೊರಗುಳಿಯುತ್ತವೆ. ಹಿಂದಿಯ ಸಾಲಿನಲ್ಲಿಟ್ಟರೆ ಶರೀಫರು ಹೊರಗುಳಿಯುತ್ತಾರೆ. ಜಾನಪದದ ಸಾಲಿನಲ್ಲಿಡೋಣವೆಂದರೆ ಗಿಟಾರು ಅಡ್ಡ ಬರುತ್ತದೆ.

'ರಘು ದೀಕ್ಷಿತ್ ಪ್ರಸಿದ್ಧರೇ ಅಲ್ಲವೇ, ಅವರನ್ನು ನಾವು ಟಿ.ವಿ.ಯಲ್ಲಿ ನೋಡಿದ್ದೇವೆ' ಎಂದು ನೀವು ಕೇಳಬಹುದು. ಮನುಷ್ಯ ಪ್ರಸಿದ್ಧ, ನಿಜ. ಆದರೆ ಆ ಮುದ್ರಿಕೆಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡದ ಹಾಡುಗಾರಿಕೆಯ ಕಥೆ ಹೇಳುವಾಗ ನಾವು ಪಿ. ಕಾಳಿಂಗರಾಯರಿಂದ ಆರಂಭಿಸಿ ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಎಂದು ಎಣಿಸುತ್ತ ಬಂದು ನಿಲ್ಲಿಸಿಬಿಡುತ್ತೇವೆ. 2008ರ ಈ ಮುದ್ರಿಕೆ ಆ ಸಾಲಿನ ಮುಂದಿನ ಹೆಜ್ಜೆ ಎಂದು ಹೇಳುವವರು ಕಡಿಮೆ. ಹಾಗೆ ಹೇಳಿದವರು ಮೊದಲಿಗೆ ಕೇಳುಗರು, ವಿಮರ್ಶಕರಲ್ಲ. ಇದು ಇತಿಹಾಸದ ಪಾಠ ಎಂದು ನಾನು ಬರೆಯುತ್ತಿರುವುದು ಆ ಕಾರಣಕ್ಕೆ. ರಾಜರ, ಯುದ್ಧಗಳ ಇತಿಹಾಸ ಇದ್ದಂತೆ ಕೇಳುಗರಿಗೂ ಒಂದು ಇತಿಹಾಸ ಇದೆ. ಅದನ್ನು ಯಾರೂ ಪಠ್ಯದಲ್ಲಿ ಇಡುವುದಿಲ್ಲ, ಅಷ್ಟೆ.

ಮೊದಲು ಹಾಡುಗಾರರ ವಿಷಯ. ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ., ಅದೂ ಚಿನ್ನದ ಪದಕದೊಂದಿಗೆ. ಕಲಿತದ್ದು ಭರತನಾಟ್ಯ. ಗಿಟಾರು ಹಿಡಿದದ್ದು ಕಾಲೇಜಿನಲ್ಲಿ, ಸಹಪಾಠಿಯೊಬ್ಬರೊಂದಿಗೆ ಕಟ್ಟಿದ ಪಂಥದಿಂದ ಎಂದು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಗುರುವಿಲ್ಲದೆ, ಶಾಲೆಯಿಲ್ಲದೆ ತಾವೇ ಕಲಿತರು. ಓದು ಮುಗಿದ ಮೇಲೆ ಬೆಲ್ಜಿಯಂ ದೇಶದಲ್ಲಿ ಔಷಧ ಕಂಪನಿಯೊಂದರಲ್ಲಿ ಕೆಲಸ. ಅಲ್ಲಿನ ಸ್ಥಳೀಯ ರೇಡಿಯೋದಲ್ಲಿ ತಮ್ಮದೇ ಹಾಡು ಪ್ರಸಾರವಾದದ್ದನ್ನು ಕೇಳಿದ ಮೇಲೆ ಕೆಲಸ ಬಿಟ್ಟು ಊರಿಗೆ ಮರಳಿದರು. (ನಡುವೆ ಒಂದು ಮಾತು. 'ವಿಜ್ಞಾನ ಓದುವವರಿಗೆ ಹಾಡು ಕುಣಿತ ಯಾಕೆ' ಎನ್ನುವ ಪಾಲಕರಿಗೆ ನೀವು ತೋರಿಸಬಹುದಾದ ಉದಾಹರಣೆಗಳು ನಮ್ಮಲ್ಲಿ ಸಾಕಷ್ಟಿವೆ. ಸಿ. ಅಶ್ವತ್ಥ್ ಅವರೂ ಬಿ.ಎಸ್ಸಿ. ಪದವೀಧರರು, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ದುಡಿದವರು. 'ನಿತ್ಯೋತ್ಸವ'ದ ಕವಿ ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು.)

ತೊಂಬತ್ತರ ದಶಕದ ಕೊನೆಯಲ್ಲಿ ರಘು ದೀಕ್ಷಿತ್ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಅವರ ಜೊತೆಗಾರರು. ತಂಡ ಹೆಸರು ಮಾಡಿತು, ಮುಂದೆ ಒಡೆಯಿತು. ಈ ನಡುವಿನ ವರ್ಷಗಳಲ್ಲಿ ಹಾಡುಗಳನ್ನು ಹಿಡಿದುಕೊಂಡು ಅವರು ದೊಡ್ಡ ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಬಾಗಿಲು ತಟ್ಟಿದರು. ಒಂದೂ ತೆರೆಯಲಿಲ್ಲ. ಕಾರಣ ನಿಮಗೆ ಆಗಲೇ ಗೊತ್ತಿದೆ: ಕಪಾಟಿನ ಚೀಟಿ. ಚಿತ್ರಗೀತೆಯಲ್ಲದ ಹಾಡಿಗೆ ಮಾರುಕಟ್ಟೆ ಸಣ್ಣದು. ಅದರಲ್ಲೂ ಒಂದು ಭಾಷೆಯಲ್ಲಿ ನಿಲ್ಲದ, ಒಂದು ಪ್ರಕಾರಕ್ಕೆ ಸೇರದ ಹಾಡನ್ನು ಯಾರಿಗೆ ಮಾರುವುದು ಎಂಬುದು ವ್ಯಾಪಾರಿಯ ಪ್ರಶ್ನೆ. ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಆದರೆ ಅದಕ್ಕೆ ಉತ್ತರ ಕೊಡಬಲ್ಲವರು ಕೇಳುಗರು. ಕೇಳಿಸದೆಯೇ ಉತ್ತರ ಬರೆದುಕೊಂಡದ್ದು ಮಾತ್ರ ಸರಿಯಲ್ಲ.

ಉತ್ತರ ಕೇಳುಗರ ಕಡೆಯಿಂದಲೇ ಬಂತು. ಮುದ್ರಿಕೆ ಇಲ್ಲದ ಆ ವರ್ಷಗಳಲ್ಲೂ ಬೆಂಗಳೂರಿನ ಕಾಲೇಜುಗಳ ಹಬ್ಬಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಅವರ ಹಾಡಿಗೆ ಜನ ಸೇರುತ್ತಿದ್ದರು. ಒಮ್ಮೆ ಕೇಳಿದವರು ಮುಂದಿನ ಸಲ ಗೆಳೆಯರನ್ನು ಕರೆತರುತ್ತಿದ್ದರು. ಕೊನೆಗೆ ಮುಂಬಯಿಯ ಒಂದು ಕ್ಲಬ್ಬಿನಲ್ಲಿ ಹಾಡುತ್ತಿದ್ದಾಗ ಹಿಂದಿ ಚಿತ್ರಸಂಗೀತದ ವಿಶಾಲ್ ಮತ್ತು ಶೇಖರ್ ಜೋಡಿ ಅವರನ್ನು ಕೇಳಿತು. ಅವರಲ್ಲಿ ವಿಶಾಲ್ ದದ್ಲಾನಿ ಸ್ವತಃ 'ಪೆಂಟಾಗ್ರಾಮ್' ಎಂಬ ರಾಕ್ ತಂಡದ ಗಾಯಕರು. ಆ ಇಬ್ಬರು 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಎಂಬ ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಮುದ್ರಿಕೆ ಹೊರಡಿಸಿದರು. ಎರಡು ವರ್ಷದ ನಂತರ, 2010ರಲ್ಲಿ, ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಅದೇ ವರ್ಷ ಬಿ.ಬಿ.ಸಿ. ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಮೈಮೇಲೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಮುಂದಿನ ದಿನಗಳಲ್ಲಿ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಈ ಮುದ್ರಿಕೆ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಅವರನ್ನು ವರ್ಷದ ಹೊಸ ಪ್ರತಿಭೆ ಎಂದು ಗೌರವಿಸಿತು. ಕನ್ನಡದ ಪದ ಲಂಡನ್ನಿಗೆ ಹೋಗಿ ಬಂದ ಮೇಲೆ ನಮ್ಮಲ್ಲಿ ಕೆಲವರು ಕಿವಿಗೊಟ್ಟರು. ಇದು ನಮ್ಮ ಹಳೆಯ ಅಭ್ಯಾಸ.

ಕೇಳುಗರು ಒಂದು ಮುದ್ರಿಕೆಯನ್ನು ಹೇಗೆ ಕೈಹಿಡಿದು ನಡೆಸುತ್ತಾರೆ ಎಂಬುದಕ್ಕೆ ಇನ್ನೂ ದೊಡ್ಡ ದೃಷ್ಟಾಂತ ಜಗತ್ತಿನಲ್ಲಿದೆ. ಅದನ್ನು ನೀವು ತಿಳಿದಿರಬೇಕು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸಿಕ್ಸ್‌ಟೊ ರೊಡ್ರಿಗ್ಸ್ ಎಂಬ ಗಾಯಕ ಇದ್ದರು. ಹುಟ್ಟಿದ್ದು 1942ರಲ್ಲಿ, ಮೆಕ್ಸಿಕೊ ಮೂಲದ ಕಾರ್ಮಿಕರ ಮನೆಯಲ್ಲಿ. ಗಿಟಾರ್ ಹಿಡಿದು ತಾವೇ ಬರೆದ ಹಾಡು ಹಾಡುತ್ತಿದ್ದರು. ಬಡವರ ಬೀದಿ, ನಿರುದ್ಯೋಗ, ಮಾದಕ ದ್ರವ್ಯ, ಪೊಳ್ಳು ರಾಜಕೀಯ ಇವು ಅವರ ವಸ್ತು. 1970ರಲ್ಲಿ 'ಕೋಲ್ಡ್ ಫ್ಯಾಕ್ಟ್' ಎಂಬ ಮುದ್ರಿಕೆ ಬಂತು, 1971ರಲ್ಲಿ ಇನ್ನೊಂದು. ಅಮೆರಿಕದಲ್ಲಿ ಎರಡೂ ಮಾರಾಟವಾಗಲಿಲ್ಲ. ಸಂಸ್ಥೆ ಅವರನ್ನು ಕೈಬಿಟ್ಟಿತು, ಮುಂದೆ ಸಂಸ್ಥೆಯೇ ಮುಚ್ಚಿತು. ರೊಡ್ರಿಗ್ಸ್ ಹಳೆಯ ಮನೆ ಕೆಡವುವ, ದುರಸ್ತಿ ಮಾಡುವ ಕೂಲಿ ಕೆಲಸಕ್ಕೆ ಹೋದರು. ದುಡಿಯುತ್ತಲೇ ಓದಿ 1981ರಲ್ಲಿ ತತ್ತ್ವಶಾಸ್ತ್ರದ ಪದವಿ ಪಡೆದರು.

ಇತ್ತ ಸಮುದ್ರದ ಆಚೆ ಬೇರೆಯೇ ಕಥೆ ನಡೆಯುತ್ತಿತ್ತು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ಹೇಗೋ 'ಕೋಲ್ಡ್ ಫ್ಯಾಕ್ಟ್' ತಟ್ಟೆ ಕೈಗೆ ಸಿಕ್ಕಿತು. ಒಬ್ಬರಿಂದ ಒಬ್ಬರು ಟೇಪಿಗೆ ನಕಲು ಮಾಡಿಕೊಂಡು ಅಲ್ಲಿನ ಯುವಕರು ಅದನ್ನು ಮನೆಮನೆಗೂ ಮುಟ್ಟಿಸಿದರು. ಸರಕಾರವನ್ನು ಪ್ರಶ್ನಿಸಿ ಹಾಡಬಹುದು ಎಂಬುದೇ ಅವರಿಗೆ ಹೊಸ ವಿಷಯವಾಗಿತ್ತು. ಹಾಡುಗಾರ ಯಾರು, ಎಲ್ಲಿದ್ದಾರೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ತಟ್ಟೆಯ ಚೀಟಿಯ ಮೇಲೆ ರಚನಕಾರರ ಹೆಸರು ಕೂಡ ಬೇರೆ ಬೇರೆಯಾಗಿ ಅಚ್ಚಾಗಿತ್ತು. ತಿಳಿಯದ ಜಾಗವನ್ನು ವದಂತಿ ತುಂಬಿತು. ಅವರು ವೇದಿಕೆಯ ಮೇಲೆಯೇ ಆತ್ಮಹತ್ಯೆ ಮಾಡಿಕೊಂಡರು ಎಂದು ದೇಶವೆಲ್ಲ ನಂಬಿತ್ತು. ಕೊನೆಗೆ ಸ್ಟೀಫನ್ ಸೆಗರ್ಮನ್ ಎಂಬ ಅಭಿಮಾನಿ ಮತ್ತು ಕ್ರೇಗ್ ಬಾರ್ಥಲೊಮ್ಯೂ ಎಂಬ ಪತ್ರಕರ್ತ ಹುಡುಕುತ್ತ ಹೊರಟರು. ಹಾಡೊಂದರಲ್ಲಿ ಬರುವ ಊರಿನ ಹೆಸರು ಅವರಿಗೆ ಎಳೆಯಾಯಿತು. 1997ರಲ್ಲಿ ಡೆಟ್ರಾಯಿಟ್‌ನಲ್ಲಿ ರೊಡ್ರಿಗ್ಸ್ ಜೀವಂತವಾಗಿ ಸಿಕ್ಕರು. 1998ರ ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಸಾವಿರಾರು ಜನರ ಎದುರು ಹಾಡಿದರು. ಅವರ ಮೇಲಿನ ಸಾಕ್ಷ್ಯಚಿತ್ರ 'ಸರ್ಚಿಂಗ್ ಫಾರ್ ಶುಗರ್ ಮ್ಯಾನ್' 2012ರಲ್ಲಿ ಬಂತು, 2013ರಲ್ಲಿ ಆಸ್ಕರ್ ಪಡೆಯಿತು. ರೊಡ್ರಿಗ್ಸ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಈ ಸಾಕ್ಷ್ಯಚಿತ್ರದ ಬಗ್ಗೆ ನನಗೆ ಒಂದು ತಕರಾರಿದೆ. ರೊಡ್ರಿಗ್ಸ್ ಆಸ್ಟ್ರೇಲಿಯದಲ್ಲೂ ಜನಪ್ರಿಯರಾಗಿದ್ದರು. 1979ರಲ್ಲಿ ಮತ್ತು 1981ರಲ್ಲಿ ಅಲ್ಲಿ ಹೋಗಿ ಹಾಡಿ ಬಂದಿದ್ದರು. ಚಿತ್ರ ಅದನ್ನು ಹೇಳುವುದಿಲ್ಲ. ಹೇಳಿದ್ದರೆ 'ಜಗತ್ತೇ ಮರೆತ ಹಾಡುಗಾರ' ಎಂಬ ಕಥೆಯ ಬಿಗಿ ಸಡಿಲುತ್ತಿತ್ತು. ಕ್ಯಾಮರಾ ಹಿಡಿಯುವ ನಮ್ಮಂಥವರಿಗೆ ಈ ಮೋಹ ದೊಡ್ಡದು. ಇತಿಹಾಸ ಓದುವ ನೀವು ಸಾಕ್ಷ್ಯಚಿತ್ರವನ್ನೂ ಒಂದು ಆಧಾರವೆಂದೇ ನೋಡಿ, ಕೊನೆಯ ತೀರ್ಪೆಂದು ನೋಡಬೇಡಿ.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯವಿದೆ. ದಕ್ಷಿಣ ಆಫ್ರಿಕಾದ ಸರಕಾರಿ ಪ್ರಸಾರ ಸಂಸ್ಥೆಯ ಉಗ್ರಾಣದಲ್ಲಿ ರೊಡ್ರಿಗ್ಸ್ ತಟ್ಟೆ ಇದೆ. ಮಾದಕ ದ್ರವ್ಯದ ಹಾಡಿರುವ ಗೆರೆಗಳ ಮೇಲೆ ಯಾರೋ ಮೊಳೆಯಿಂದ ಗೀಚಿದಂತಿದೆ. ಯಾವ ನಿರೂಪಕನೂ ಮರೆತು ಕೂಡ ಆ ಹಾಡು ಹಾಕದಿರಲಿ ಎಂದು ತಟ್ಟೆಯನ್ನೇ ಕೆಡಿಸಿಟ್ಟಿದ್ದರು. ಪ್ರಸಾರದ ಕೆಲಸ ಮಾಡುವವನಾಗಿ ಆ ಗೀರು ನನ್ನ ಕಣ್ಣಿಗೆ ಚುಚ್ಚಿತು. ನಮ್ಮಲ್ಲಿ ತಟ್ಟೆ ಗೀಚಿದವರಿಲ್ಲ, ಆದರೆ ಬಾಗಿಲು ಹಾಕಿದವರಿದ್ದರು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದವು. ಜನ ಏನು ಮಾಡಿದರು? ರೇಡಿಯೋದ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಕೇಳುಗರು ಹಾಗೆ ಎದ್ದುಹೋದ ಮೇಲೆ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಆರಂಭವಾಯಿತು. ಹಾರ್ಮೋನಿಯಂ ಕತೆಯೂ ಅಂಥದ್ದೇ. ಅದು ಫ್ರಾನ್ಸ್ ಕಡೆಯಿಂದ ಬಂದ ವಾದ್ಯ, ನಮ್ಮ ಶ್ರುತಿಗಳಿಗೆ ಒಗ್ಗದು ಎಂದು 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ಅದಕ್ಕೆ ಪ್ರವೇಶ ಇರಲಿಲ್ಲ. ಅಷ್ಟು ಕಾಲವೂ ನಮ್ಮ ಹಳ್ಳಿಗಳ ಭಜನೆ ಹಾರ್ಮೋನಿಯಂ ಇಟ್ಟುಕೊಂಡೇ ನಡೆಯಿತು. ಇವತ್ತು ಔರಾದ ತಾಲ್ಲೂಕಿನ ಯಾವ ಭಜನಾ ಮೇಳಕ್ಕೆ ಹೋಗಿ 'ಇದು ಪರದೇಶಿ ಪೆಟ್ಟಿಗೆ' ಎಂದು ಹೇಳಿದರೂ ನಿಮ್ಮನ್ನು ನೋಡಿ ನಗುತ್ತಾರೆ.

ಗಿಟಾರಿನ ಮೇಲೆ ತತ್ತ್ವಪದ ಹಾಡಬಹುದೇ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಕೇಳಿಕೊಳ್ಳಬೇಕು. ಭಾವನೆಯಿಂದ ಉತ್ತರಿಸುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ, ಪಿ.ಯು.ಸಿ. ಭೌತಶಾಸ್ತ್ರ ಸಾಕು. ತತ್ತ್ವಪದಕ್ಕೆ ನಮ್ಮ ಕಡೆ ಹಿಡಿಯುವುದು ಏಕತಾರಿ. ಸೋರೆಬುರುಡೆ, ಕೋಲು, ಒಂದು ತಂತಿ. ಅದು ಷಡ್ಜವೊಂದನ್ನೇ ಹಿಡಿದು ನಿಲ್ಲುತ್ತದೆ. ಉಳಿದ ಸ್ವರಗಳನ್ನು ಹಾಡುಗಾರ ಆ ನೆಲದ ಮೇಲೆ ನಿಂತು ತನ್ನ ಗಂಟಲಿನಿಂದಲೇ ಅಳೆದುಕೊಳ್ಳುತ್ತಾನೆ. ಗಿಟಾರಿನಲ್ಲಿ ಆರು ತಂತಿ, ಕತ್ತಿನ ಮೇಲೆ ವೀಣೆಗೆ ಇದ್ದಂತೆ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲು ಏರಿದಾಗಲೂ ತಂತಿಯ ಆವೃತ್ತಿ 1.0595 ಪಟ್ಟು ಹೆಚ್ಚುತ್ತದೆ. ಈ ಸಂಖ್ಯೆಯನ್ನು ಹನ್ನೆರಡು ಸಲ ಗುಣಿಸಿ ನೋಡಿ, ಹೆಚ್ಚುಕಡಿಮೆ 2 ಬರುತ್ತದೆ. ಅಂದರೆ ಹನ್ನೆರಡನೆಯ ಮೆಟ್ಟಿಲಲ್ಲಿ ಮೇಲಿನ ಷಡ್ಜ. ಏಳನೆಯ ಮೆಟ್ಟಿಲು ಪಂಚಮ. ಅದರ ಶುದ್ಧ ಬೆಲೆ 1.5, ಗಿಟಾರ್ ಕೊಡುವುದು 1.498. ಈ ವ್ಯತ್ಯಾಸ ಕಿವಿಗೆ ತಾಗುವುದಿಲ್ಲ. ನಾಲ್ಕನೆಯ ಮೆಟ್ಟಿಲಿನ ಗಾಂಧಾರದ ಶುದ್ಧ ಬೆಲೆ 1.25, ಗಿಟಾರ್ ಕೊಡುವುದು 1.26. ಇದು ಪಳಗಿದ ಕಿವಿಗೆ ತಾಗುತ್ತದೆ. ಹಾರ್ಮೋನಿಯಂ ಬೇಡವೆಂದವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ ಎಂದು ಈಗ ನಿಮಗೆ ತಿಳಿಯಿತು.

ಆದರೆ ಹಾಡು ಎಂಬುದು ಗಾಂಧಾರವೊಂದರ ಮೇಲೆ ನಿಂತಿಲ್ಲ. ಗಿಟಾರಿನಲ್ಲಿ ಇನ್ನೊಂದು ಗುಣವಿದೆ, ಏಕತಾರಿಗೆ ಇಲ್ಲದ್ದು. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿ ಒಂದು ಸ್ವರಗುಚ್ಛ ಎಬ್ಬಿಸಬಹುದು, ಮರುಕ್ಷಣ ಬೇರೊಂದಕ್ಕೆ ಬದಲಿಸಬಹುದು. ಹಾಡಿನ ಧಾಟಿ ಅದೇ ಇರುತ್ತದೆ, ಕಾಲ ಕೆಳಗಿನ ನೆಲ ಮಾತ್ರ ಜರುಗುತ್ತದೆ. ಏಕತಾರಿಯ ಪದದಲ್ಲಿ ನೀವು ಒಂದೇ ಕಡೆ ಕೂತು ಒಳಗಿಳಿಯುತ್ತೀರಿ. ಗಿಟಾರಿನ ಪದದಲ್ಲಿ ನೀವು ನಡೆಯತೊಡಗುತ್ತೀರಿ. ಎರಡರಲ್ಲಿ ಯಾವುದು ಮೇಲು ಎಂದು ಕೇಳಬೇಡಿ, ಅವು ಬೇರೆ ಬೇರೆ ಕೆಲಸ ಮಾಡುತ್ತವೆ. ರಾಕ್ ಸಂಗೀತದ ಬೇರು ಕೂಡ ಇಂಥ ಕಡೆಯೇ ಇದೆ ಎಂಬುದನ್ನು ಇಲ್ಲಿ ನೆನಪಿಡಿ. ಅಮೆರಿಕದ ಹತ್ತಿಹೊಲಗಳಲ್ಲಿ ದುಡಿದ ಕರಿಯ ಜನರು ಒಂದು ಗಿಟಾರ್ ಹಿಡಿದು ತಮ್ಮ ನೋವನ್ನು ಹಾಡಿಕೊಂಡ 'ಬ್ಲೂಸ್' ಹಾಡುಗಳಿಂದ ಅದು ಬೆಳೆಯಿತು. 1950ರ ದಶಕದಲ್ಲಿ ವಿದ್ಯುತ್ ಗಿಟಾರು, ಡ್ರಮ್ಮುಗಳು ಸೇರಿ ಅದರ ಸದ್ದು ದೊಡ್ಡದಾಯಿತು. ಸದ್ದನ್ನು ತೆಗೆದುಬಿಟ್ಟರೆ ಒಳಗೆ ಉಳಿಯುವುದು ಒಬ್ಬ ಮನುಷ್ಯ, ಒಂದು ತಂತಿವಾದ್ಯ, ತನ್ನನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆ. ಏಕತಾರಿಯ ಸಂತನಿಗೂ ಇದಕ್ಕೂ ಬಹಳ ದೂರವೇನಿಲ್ಲ.

ಶಿಶುನಾಳ ಶರೀಫರನ್ನು ನಿಮಗೆ ಪರಿಚಯಿಸಬೇಕಿಲ್ಲ. 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿದರು, 1889ರಲ್ಲಿ ತೀರಿಕೊಂಡರು. ಮುಸ್ಲಿಂ ಮನೆತನದ ಶಿಷ್ಯ, ಕಳಸದ ಬ್ರಾಹ್ಮಣ ಗುರು ಗೋವಿಂದ ಭಟ್ಟರು. ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಪದವಾಯಿತು. ಸೋರುವ ಮಾಳಿಗೆ, ಬೀಸುವ ಕಲ್ಲು, ಹುಕ್ಕಾ. ಹುಕ್ಕಾಕ್ಕೆ ನಮ್ಮ ಕಡೆಯ ಹೆಸರು ಗುಡುಗುಡಿ. ಹೊಗೆ ನೀರಿನೊಳಗಿಂದ ಹಾದು ಬರುವಾಗ ಏಳುವ ಗುಳ್ಳೆಯ ಸದ್ದೇ ಅದರ ಹೆಸರು. ಆ ಸಾಧನದ ಒಂದೊಂದು ಭಾಗವನ್ನೂ ಮನುಷ್ಯನ ಮೈ, ಮನಸ್ಸು, ಬುದ್ಧಿಗಳಿಗೆ ಹೋಲಿಸಿ, ಒಳಗಿನ ರೋಗ ಸುಟ್ಟುಹೋಗುವಂತೆ ಸೇದು ಎಂದು ಶರೀಫರು ಕರೆಯುತ್ತಾರೆ. ನಗರದ ಸಭೆಗಳಲ್ಲಿ ಈ ಪದಕ್ಕೆ ಕುಣಿಯುವ ಎಷ್ಟೋ ಹುಡುಗರು ಇದು ಹೊಗೆಸೊಪ್ಪಿನ ಹಾಡೆಂದೇ ತಿಳಿದಿದ್ದಾರೆ. ತಿಳಿದರೆ ತಿಳಿಯಲಿ, ಎರಡನೆಯ ಸಲ ಕೇಳಿದಾಗ ಅರ್ಥ ತಾನಾಗಿ ಹೊರಬರುತ್ತದೆ. ಶರೀಫರೇ ಆ ಬಲೆ ಹೆಣೆದಿದ್ದಾರೆ. (ನೀವು ಪದ ಕೇಳಿ, ಗುಡುಗುಡಿ ಸೇದಬೇಡಿ. ನೀರಿನಲ್ಲಿ ಹಾದು ಬಂದ ಮಾತ್ರಕ್ಕೆ ಹೊಗೆಯ ವಿಷ ಹೋಗುವುದಿಲ್ಲ.)

ಶರೀಫರ ಪದಗಳು ಬಾಯಿಂದ ಬಾಯಿಗೆ ಬಂದವು. ಧ್ವನಿಸುರುಳಿಯ ಯುಗದಲ್ಲಿ ಅವುಗಳಿಗೆ ದೊಡ್ಡ ಮರುಹುಟ್ಟು ಕೊಟ್ಟವರು ಸಿ. ಅಶ್ವತ್ಥ್. ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ 1990ರಲ್ಲಿ ಬಂದಾಗ ನಮ್ಮ ಭಾಗದ ಜಾತ್ರೆಗಳಲ್ಲೂ ಆ ಹಾಡುಗಳೇ. ಅಶ್ವತ್ಥರ ಕಂಠದಲ್ಲಿ ಶರೀಫರು ಬೈಯುತ್ತಾರೆ, ಗದರುತ್ತಾರೆ, ಕೆಲವೊಮ್ಮೆ ಅಳುತ್ತಾರೆ. ಹಾರ್ಮೋನಿಯಂ ಕೀಲಿಮಣೆಯ ಹಿಂದೆ ಕುಳಿತ ಮೇಷ್ಟ್ರ ಗತ್ತು ಅಲ್ಲಿದೆ. ರಘು ದೀಕ್ಷಿತ್ ಹಾಡಿದಾಗ ಶರೀಫರು ಎದ್ದು ನಿಲ್ಲುತ್ತಾರೆ, ಪಕ್ಕದವನ ಭುಜ ತಟ್ಟಿ ಕರೆಯುತ್ತಾರೆ. ಗಿಟಾರಿನ ಹೊಡೆತ ಪದದ ನಡಿಗೆಗೆ ಸರಿಹೊಂದುತ್ತದೆ, ಏಕೆಂದರೆ ತತ್ತ್ವಪದಕ್ಕೆ ತಾಳದ ಗಟ್ಟಿತನ ಮೊದಲಿನಿಂದಲೂ ಇದೆ. ದಿಮ್ಮು, ತಾಳ, ಚಿಟಿಕೆ ಇಲ್ಲದ ಪದ ನೀವು ಎಲ್ಲಿ ಕೇಳಿದ್ದೀರಿ? ಒಂದು ಕೊರತೆ ಹೇಳಲೇಬೇಕು. ಮಾತಿನ ಮೊನೆ ಅಶ್ವತ್ಥರಲ್ಲಿ ಇದ್ದಷ್ಟು ಇಲ್ಲಿ ಇಲ್ಲ. ತಾಳದ ಓಟದಲ್ಲಿ ಕೆಲವು ಶಬ್ದಗಳು ಜಾರುತ್ತವೆ. ಉತ್ತರ ಕರ್ನಾಟಕದ ಕಿವಿಗೆ ಅದು ಬೇಗ ಗೊತ್ತಾಗುತ್ತದೆ.

ಇನ್ನು ಭಾಷೆಯ ವಿಷಯ. ಒಂದೇ ಮುದ್ರಿಕೆಯಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಸೇರಿದ್ದನ್ನು 'ಗೊಂದಲ' ಎಂದವರಿದ್ದಾರೆ. ಬೆಂಗಳೂರಿನಲ್ಲಿ ಕುಳಿತು ಹಾಗೆ ಹೇಳಬಹುದು. ಔರಾದದಲ್ಲಿ ಕುಳಿತು ಹೇಳುವುದು ಕಷ್ಟ. ನಮ್ಮಲ್ಲಿ ಸಂತೆಗೆ ಹೋದವರು ಕನ್ನಡದಲ್ಲಿ ಮಾತು ಆರಂಭಿಸಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ದಖನಿಯಲ್ಲಿ ಮುಗಿಸಿ ಬರುತ್ತಾರೆ. ತಾಂಡಾದವರಾದರೆ ಮನೆಯಲ್ಲಿ ಲಂಬಾಣಿ, ತೆಲಂಗಾಣದ ಗಡಿಯವರಾದರೆ ತೆಲುಗು. ಹಾಡಿನಲ್ಲೂ ಇದು ನಮಗೆ ಹೊಸದಲ್ಲ. ಹುಮನಾಬಾದದ ಮಾಣಿಕಪ್ರಭುಗಳು ಶರೀಫರಿಗಿಂತ ಎರಡು ವರ್ಷ ಹಿರಿಯರು, 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದವರು. ಅವರು ಮರಾಠಿ, ಕನ್ನಡ, ಹಿಂದುಸ್ತಾನಿ ಎಲ್ಲದರಲ್ಲಿ ಪದ ಕಟ್ಟಿದರು. ಬಂದ ಭಕ್ತರ ಭಾಷೆ ಯಾವುದೋ ಹಾಡಿನ ಭಾಷೆಯೂ ಅದೇ. ಮಾಣಿಕನಗರದ ದತ್ತಜಯಂತಿಯಲ್ಲಿ ಇಂದಿಗೂ ಸಂಗೀತ ಸೇವೆ ನಡೆಯುತ್ತದೆ. ಅಲ್ಲಿ ಯಾರೂ ಯಾವ ಸಾಲಿನ ಹಾಡು ಎಂದು ಚೀಟಿ ಕೇಳುವುದಿಲ್ಲ.

ಚೀಟಿಯ ಮಾತು ಬಂದಾಗ ನನಗೆ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನೆನಪಾಗುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸ್ಪದ ಇಲ್ಲದಿದ್ದಾಗ ಅವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದರು. ಈ ಪ್ರಸಂಗವನ್ನು ನಮ್ಮ ಜಿಲ್ಲೆಯ ಪ್ರತಿಯೊಂದು ಶಾಲೆಯಲ್ಲಿ ಹೇಳುತ್ತಾರೆ. ಫಲಕ ಓದಿ ಹೊರಟುಹೋದವರಿಗೆ ಒಳಗಿನ ಪಾಠ ಸಿಗಲಿಲ್ಲ. ರಘು ದೀಕ್ಷಿತರ ಮುದ್ರಿಕೆಯ ಹೊದಿಕೆ ನೋಡಿ 'ಇದು ನಗರದ ಇಂಗ್ಲಿಷ್ ಹುಡುಗರ ಸಂಗೀತ' ಎಂದು ಬಿಟ್ಟವರಿಗೂ ಹಾಗೆಯೇ ಆಯಿತು. ಹಿಂದಿ ಕೇಳಲು ಬಂದ ದಿಲ್ಲಿಯ, ಕೋಲ್ಕತ್ತದ ಹುಡುಗರು ಗುಡುಗುಡಿಯ ಪದವನ್ನು ಬಾಯಿಪಾಠ ಮಾಡಿಕೊಂಡು ಹೋದರು. ಕನ್ನಡದ ಒಂದು ಪದ ಇದಕ್ಕಿಂತ ದೂರ ಹೋಗಲು ಬೇರೆ ಯಾವ ದಾರಿ ಇತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. 2013ರಲ್ಲಿ ಬಂದ ಅವರ ಎರಡನೆಯ ಮುದ್ರಿಕೆ 'ಜಗ್ ಚಂಗಾ'ದಲ್ಲೂ ಶರೀಫರಿದ್ದಾರೆ. ಆದರೆ ಮೊದಲನೆಯದರಲ್ಲಿ ಇದ್ದ ಹಸಿವು ಎರಡನೆಯದರಲ್ಲಿ ನನಗೆ ಅಷ್ಟಾಗಿ ಕೇಳಿಸಲಿಲ್ಲ. ಎಂಟು ಹತ್ತು ವರ್ಷ ತಡೆಹಿಡಿದ ಹಾಡುಗಳಿಗೆ ಒಂದು ಒತ್ತಡ ಇರುತ್ತದೆ, ಅದು ಮತ್ತೆ ಮತ್ತೆ ಬರುವುದಿಲ್ಲ.

ಕೇಳುಗರನ್ನು ಇಷ್ಟು ಹೊಗಳಿದ ಮೇಲೆ ಅವರ ಒಂದು ಲೋಪವನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾದ ಕೇಳುಗರು ರೊಡ್ರಿಗ್ಸ್ ಹಾಡನ್ನು ಉಳಿಸಿದರು, ನಿಜ. ಆದರೆ ಅಷ್ಟೊಂದು ತಟ್ಟೆ, ಟೇಪುಗಳು ಹಂಚಿಹೋದ ಕಾಲದಲ್ಲಿ ಅತ್ತ ಆ ಮನುಷ್ಯ ಮನೆ ಕೆಡವುವ ಕೂಲಿ ಮಾಡುತ್ತಿದ್ದರು. ನಮ್ಮಲ್ಲಿ ಮೊಬೈಲ್ ಅಂಗಡಿಗಳವರು ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬ ಹಾಡು ತುಂಬಿಕೊಡುತ್ತಿದ್ದ ಕಾಲ ನೆನಪಿರಲಿ. ಕಾರ್ಡಿನಲ್ಲಿ ಹಾಡು ಇರುತ್ತಿತ್ತು, ಹಾಡಿದವರ ಹೆಸರು ಇರುತ್ತಿರಲಿಲ್ಲ. 'ಟ್ರ್ಯಾಕ್ 4' ಎಂದಷ್ಟೇ ಇರುತ್ತಿತ್ತು. ಹಾಡುಗಾರನಿಗೆ ಹಣ ಹೋಗದಿರುವುದು ಒಂದು ನಷ್ಟ, ಹೆಸರೂ ಹೋಗದಿರುವುದು ಇನ್ನೊಂದು.

ನಮ್ಮ ಹಿಂದಿನವರಿಗೆ ಇದು ಮೊದಲೇ ಗೊತ್ತಿತ್ತು ಎನಿಸುತ್ತದೆ. ವಚನಕ್ಕೆ, ಕೀರ್ತನೆಗೆ, ತತ್ತ್ವಪದಕ್ಕೆ ಕೊನೆಯಲ್ಲಿ ಅಂಕಿತ ಇಟ್ಟರು. ಶರೀಫರ ಪದ ಎಷ್ಟು ಬಾಯಿ ಬದಲಿಸಿದರೂ ಕೊನೆಗೆ ಶಿಶುನಾಳಾಧೀಶ ಬರಲೇಬೇಕು. ಕಾಗದವಿಲ್ಲ, ಕಾನೂನಿಲ್ಲ, ಆದರೂ ಹೆಸರು ಉಳಿಯಿತು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗೌಹರ್ ಜಾನ್ ಮೂರು ನಿಮಿಷದ ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಅದೂ ಒಂದು ಅಂಕಿತವೇ. ಆ ಹೆಸರಾಂತ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಈ ಮಾಲಿಕೆಯ ಪ್ರತಿ ಲೇಖನದ ಕೊನೆಗೆ ನಿಮಗೊಂದು ಕೆಲಸ ಕೊಡುವುದು ವಾಡಿಕೆ. ಗುಡುಗುಡಿಯ ಪದವನ್ನು ಮೂರು ಕಡೆ ಕೇಳಿ. ಅಶ್ವತ್ಥರ ಧಾಟಿಯಲ್ಲಿ ಬಂದ ಶರೀಫರ ಪದಗಳನ್ನು ಮೊದಲು, 2008ರ ಗಿಟಾರಿನ ಪಾಠವನ್ನು ಆಮೇಲೆ, ಮೂರನೆಯದಾಗಿ ನಿಮ್ಮೂರಿನ ಭಜನಾ ಮೇಳದ ಹಿರಿಯರ ಬಾಯಿಂದ. ಮೂರನೆಯದು ಸಿಗುವುದು ಕಷ್ಟ, ಶರೀಫರ ಪದ ಬಾರದಿದ್ದರೆ ಕಡಕೋಳ ಮಡಿವಾಳಪ್ಪನವರದೋ ಮಾಣಿಕಪ್ರಭುಗಳದೋ ಹಾಡಲಿ. 'ಮುತ್ಯಾ, ಒಂದು ಪದ ಅನ್ರಿ' ಎಂದು ಕೇಳಿದರೆ ಇಲ್ಲ ಎನ್ನುವವರು ವಿರಳ. ಫೋನಿನಲ್ಲಿ ಮುದ್ರಿಸಿಕೊಳ್ಳುವಾಗ ಫ್ಯಾನ್ ಆರಿಸಿ, ಫೋನನ್ನು ಹಾರ್ಮೋನಿಯಂ ಪಕ್ಕ ಇಡದೆ ಹಾಡುವವರ ಎದುರಿಗೆ ಎರಡು ಮೊಳ ದೂರದಲ್ಲಿ ಇಡಿ. ಹಾಡು ಮುಗಿದ ಕೂಡಲೇ ನಿಲ್ಲಿಸಬೇಡಿ. ಹಾಡಿದವರ ಹೆಸರು, ಊರು, ಪದ ಯಾರಿಂದ ಕಲಿತದ್ದು, ಅಂದಿನ ತಾರೀಖು ಇಷ್ಟನ್ನು ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಗುಂಡಿ ಒತ್ತಿ.